ಬಸಪ್ಪನ ನೂರಾ ಅರವತ್ತೆಂಟು ಗುಂಟೆ

ಹದಿನೆಂಟುನೂರ ಐವತ್ತರ ದಶಕದ ನಡುವಿನ ಮಾತು. ಆಗ ನಾನು ರೋಣದಲ್ಲಿ ಮೋಜಣಿ ಮಾಸ್ತರ. ಹೊಲ ಅಳೆಯುವುದನ್ನು ಕಲಿಸುವ ಕೆಲಸ. ನಮ್ಮ ಸರಪಳಿ ಮೂವತ್ಮೂರು ಫೂಟು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ಉಮೇದವಾರರು ಹನ್ನೆರಡು ಮಂದಿ, ನೌಕರಿ ಆರು.

ಯಾರು ಲಗೂ ಕಲಿಯುತ್ತಾರೆಂದು ತಿಳಿಯಲು ಮೋಜಣಿ ಕಚೇರಿಯ ಸಾಹೇಬರು ಒಂದು ತಖ್ತೆ, ಅಂದರೆ ಅಂಕಗಳ ಪಟ್ಟಿ, ಕೇಳಿದರು. ಭಾರೀ ಶಾಣ್ಯಾನಂತೆ ನಾನೇ ಹಾಕಿಕೊಟ್ಟೆ. ಅಳೆದು ಮುಗಿಸಿದ ಹೊಲಕ್ಕೊಂದು ಅಂಕ. ನನ್ನನ್ನು ಕೇಳಿದ ಪ್ರಶ್ನೆಗೊಂದು ಅಂಕ ಕಡಿತ. ಉತ್ತರ ಸರಿಯೋ ತಪ್ಪೋ? ಹೆಚ್ಚು ಮಂದಿಗೆ ಬಂದದ್ದೇ ಸರಿ! ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಹೊಳೆಆಲೂರಿನ ಬಸಪ್ಪ ಮೂವತ್ತು ದಾಟಿದವ, ಎರಡು ಮಕ್ಕಳ ತಂದೆ. ಈ ನೌಕರಿ ನಂಬಿ ಮಗ್ಗ ಮಾರಿ ಬಂದಿದ್ದ. "ಮೂಲಿ ಸೊಟ್ಟ ಇದ್ರ ಹ್ಯಾಂಗ್ರಿ, ಮಾಸ್ತರ?" ಎಂದು ದಿನಾ ಕೇಳುತ್ತಿದ್ದ. ದಿನಾ ಒಂದು ಅಂಕ ಕಳೆಯುತ್ತಿದ್ದೆ.

ಕಡೆಯ ಪರೀಕ್ಷೆಗೆ ಜಕ್ಕಲಿಯ ಒಂದು ಹೊಲ, ಹಳ್ಳದ ದಂಡೆಗುಂಟ ಓರೆಯಾಗಿ ವಾಲಿಕೊಂಡದ್ದು. ಎದುರುಬದುರಿನ ಬದುಗಳು ಸಮ: ಎರಡು ಹದಿಮೂರು ಸರಪಳಿ, ಎರಡು ಹದಿನೈದು. ನಾನು ಕಲಿಸಿದಂತೆ ಹನ್ನೊಂದು ಮಂದಿ ಬದುವಿಗೆ ಬದು ಗುಣಿಸಿ ನೂರಾ ತೊಂಬತ್ತೈದು ಗುಂಟೆ ಬರೆದು ಬೇವಿನ ನೆರಳಿಗೆ ಬಂದು ಕೂತರು. ಬಸಪ್ಪ ಒಬ್ಬನೇ ಬಿಸಿಲಲ್ಲಿ. ಮೂಲೆಯಿಂದ ಮೂಲೆಗೆ ಅಳೆದ: ಹದಿನಾಲ್ಕು. ಆ ಗೆರೆಗೆ ಉಳಿದೆರಡು ಮೂಲೆಗಳಿಂದ ನೆಟ್ಟಗೆ ಅಳೆದ: ಹನ್ನೆರಡು, ಹನ್ನೆರಡು. ಎರಡು ತ್ರಿಕೋನ ಕೂಡಿಸಿ ನೂರಾ ಅರವತ್ತೆಂಟು ಎಂದ.

"ಎಲ್ಲಾರ್ದೂ ಒಂದ ಬಂದೈತಿ, ನಿಂದೇನ ಬ್ಯಾರೆ? ನಡಿ ಊರಿಗೆ" ಎಂದು ಅವನ ಹೆಸರಿನ ಮೇಲೆ ಗೀಟು ಎಳೆದೆ.

ಕಂದಾಯದ ಕಾಗದಕ್ಕೂ ನೂರಾ ತೊಂಬತ್ತೈದೇ ಏರಿತ್ತು; ಮೂರು ತಿಂಗಳಿಗೆ ಆ ಜಕ್ಕಲಿಯ ಹೊಲದೊಡತಿ ಗಂಗವ್ವ ಕಚೇರಿಗೆ ಬಂದು ಕೂತಳು. "ಬದು ಇದ್ದಲ್ಲೇ ಐತಿ, ಹೊಲ ಹ್ಯಾಂಗ ಬೆಳೀತ್ರಿ?" ಸಾಹೇಬರು ತಾವೇ ನಿಂತು ಅಳೆಸಿದರು. ನೂರಾ ಅರವತ್ತೆಂಟು! ಇದು ಒಬ್ಬನಿಗೂ ಹೊಳೆಯಲಿಲ್ಲವೇ ಎಂದು ಕೇಳಿದರು.

"ಇಲ್ರಿ, ಸಾಹೇಬ್ರ" ಎಂದೆ. ನನ್ನ ನೌಕರಿ ಉಳಿಯಬೇಕಿತ್ತಲ್ಲ. ತಿದ್ದಿದ ಕಾಗದಕ್ಕೆ ಸಹಿಯನ್ನೂ ನಾನೇ ಹಾಕಿದೆ.

ಅದೇ ವಾರ ನರಗುಂದದ ಸಂತೆಯಲ್ಲಿ ಬಸಪ್ಪ ಸಿಕ್ಕ. ಯಾರದೋ ಜೋಳದ ಚೀಲ ಹೊತ್ತಿದ್ದ. ಅದನ್ನಿಳಿಸಿ ಕೈಮುಗಿದ.

"ಮಾಸ್ತರ, ನಂದು ಎಲ್ಲಿ ತಪ್ಪಿತ್ರಿ? ದಿನಾ ಲೆಕ್ಕಾ ಹಾಕಿ ನೋಡ್ತೀನಿ, ತಪ್ಪ ಸಿಗವಲ್ದು."

ಆಗಲೇ ಹೇಳಬೇಕಿತ್ತು. "ನೀ ಕಲಿಯೂದು ಭಾಳ ತಡಾನಪ್ಪ" ಎಂದು ಮುಂದೆ ನಡೆದುಬಿಟ್ಟೆ. ಥೂ!

ಆಮೇಲೆ ಪ್ರಶ್ನೆಗೆ ಅಂಕ ಕಳೆಯುವುದನ್ನು ಬಿಟ್ಟೆ. ತಡ ಮಾಡಿದವನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂದು ನೋಡದೆ ಅವನನ್ನು ಅಳೆಯಬಾರದು; ಕೆಲಸ ನನಗೆ ಕಲಿಸಿದ್ದು ಇಷ್ಟು. ಇದನ್ನು ಬಹಳ ಮಂದಿಗೆ ಹೇಳಿದ್ದೇನೆ. ಬಸಪ್ಪನಿಗೆ ಹೇಳಲಿಲ್ಲ. ಅವನು ಇನ್ನೂ ಆ ತಪ್ಪನ್ನು ಹುಡುಕುತ್ತಿರಬಹುದು.