ಸೂರಿಗೇರಿದ ಅಂಗಿ

ಜಖಾರ್ ಬೊಲೊತಿನ್ ಹದಿನೇಳು ವರ್ಷ ಐಸ್ ಹಾಕಿ ಆಡಿದ. ಹೊಡೆದ ಗೋಲುಗಳು ಬೆರಳೆಣಿಕೆಯಷ್ಟು. ಅವನ ಕೆಲಸ ಗೋಲು ಹೊಡೆಯುವುದಲ್ಲ, ಹೊಡೆಸಿಕೊಳ್ಳುವುದು. ರಬ್ಬರ್ ಬಿಲ್ಲೆ ರೊಯ್ಯನೆ ಬರುವಾಗ ಬುದ್ಧಿ ನೆಟ್ಟಗಿರುವವರು ಪಕ್ಕಕ್ಕೆ ಸರಿಯುತ್ತಾರೆ. ಜಖಾರ್ ಅಡ್ಡ ಬೀಳುತ್ತಿದ್ದ. ಹೀಗೆ ಬಿದ್ದೂ ಬಿದ್ದೂ ಮುಂದಿನ ಹಲ್ಲುಗಳನ್ನೆಲ್ಲ ಕಳೆದುಕೊಂಡ, ದವಡೆ ಒಮ್ಮೆ ಸೀಳಿತು, ಮೂಗು ಯಾವ ಕಡೆಗೆ ತಿರುಗಬೇಕೆಂದು ತಿಳಿಯದೆ ನಡುವೆಯೇ ನಿಂತುಬಿಟ್ಟಿತು.

ಉರಾಲ್ ಬೆಟ್ಟಗಳ ನಡುವಿನ ನಮ್ಮ ಕಾಮೆನ್ನಿ ಬ್ರೋದ್‌ನಲ್ಲಿ ಇರುವುದು ಎರಡೇ: ಉಕ್ಕಿನ ಕಾರ್ಖಾನೆ ಮತ್ತು 'ಗೊರ್ನ್' ಹಾಕಿ ತಂಡ. ಕಾರ್ಖಾನೆಯ ಹೊಗೆ ಎಲ್ಲರಿಗೂ ಸಿಗುತ್ತದೆ, ತಂಡದ ಗೆಲುವು ಯಾವಾಗಲೋ ಒಮ್ಮೆ. ದೊಡ್ಡ ಲೀಗಿನವರು ಜಖಾರನನ್ನು ಒಂದು ಸಲ ಕರೆದಿದ್ದರು. ಅವನು ಹೋಗಲಿಲ್ಲ. "ಸತ್ತರೂ ಇಲ್ಲೇ" ಎಂದ. ಊರು ಅದನ್ನು ಹತ್ತು ವರ್ಷ ಹೇಳಿಕೊಂಡು ಹಿಗ್ಗಿತು.

ಕಳೆದ ಚಳಿಗಾಲದಲ್ಲಿ ಮಂಡಿಯೊಳಗಿನ ನಾರು ಹರಿಯಿತು. ಮೊದಲು ಅರ್ಧವೇ ಹರಿದಿತ್ತು. ಮುಖ್ಯ ಪಂದ್ಯವೆಂದು ನೋವು ಮರೆಸುವ ಸೂಜಿ ಚುಚ್ಚಿ ಆಟಕ್ಕೆ ಇಳಿಸಿದರು, ಉಳಿದರ್ಧವೂ ಹೋಯಿತು. ವೈದ್ಯರು ಹೊಲಿದು, "ಮುಂದಿನ ಋತುವಿಗೆ ಆಡಬಹುದು, ನೀನು ಕತ್ತೆಯ ಹಾಗೆ ದುಡಿದರೆ" ಎಂದರು. ಜಖಾರ್ ಕತ್ತೆಗಿಂತ ಹೆಚ್ಚು ದುಡಿದ. ಬೇಸಿಗೆಯಿಡೀ ತಾನಿದ್ದ ಕಟ್ಟಡದ ಒಂಬತ್ತು ಮಹಡಿ ಹತ್ತಿ ಇಳಿದ. ತೋಟದ ಆಲೂಗಡ್ಡೆ ಮೂಟೆಗಳನ್ನು ಬೆನ್ನ ಮೇಲೇ ಹೊತ್ತ. ಅವನಿಗೆ ಬೇಕಾದದ್ದು ಒಂದೇ: ಸೆಪ್ಟೆಂಬರಿನಲ್ಲಿ ಮತ್ತೆ ಮಂಜಿನ ಮೇಲೆ ಇಳಿಯಬೇಕು. ಸೂಜಿ ಚುಚ್ಚಿಸಿಕೊಂಡು ಕುಂಟುತ್ತ ಹೊರಬಿದ್ದವನಾಗಿ ಮುಗಿಯಬಾರದು.

ಆಗಸ್ಟಿನಲ್ಲಿ ಕ್ಲಬ್ಬಿನ ನಿರ್ದೇಶಕ ಅರ್ಸೇನಿ ಪಾವ್ಲೊವಿಚ್ ಕೇಕು ಹಿಡಿದು ಮನೆಗೇ ಬಂದ. ನಿರ್ದೇಶಕ ಮನೆಗೆ ಬಂದನೆಂದರೆ ಹೆದರಬೇಕು. ಜಖಾರ್ ಹೆದರಲಿಲ್ಲ, ಹಿಗ್ಗಿದ. ಹೆಂಡತಿ ರಿಮ್ಮಾ ಮಾಂಸ ತುಂಬಿದ ಪೆಲ್ಮೆನಿ ಕಡುಬು ಬೇಯಿಸಿ ಹುಳಿಕೆನೆಯ ಜೊತೆ ಇಟ್ಟಳು.

"ಜಖಾರ್, ಋತುವಿನ ಮೊದಲ್ನೇ ಪಂದ್ಯಕ್ಕೆ ನಿನ್ನ ಅಂಗೀನ ಮೇಲೇರಿಸ್ತೀವಿ. ನಂಬರ್ ನಲವತ್ನಾಲ್ಕು. ನಮ್ಮ ಕ್ಲಬ್ಬಿನಲ್ಲಿ ಇದುವರೆಗೂ ಯಾರಿಗೂ ಮಾಡಿಲ್ಲ."

ಆಟಗಾರನ ಅಂಗಿಯನ್ನು ಕ್ರೀಡಾಂಗಣದ ಸೂರಿಗೆ ಏರಿಸಿ ಶಾಶ್ವತವಾಗಿ ನೇತುಹಾಕುವುದಕ್ಕಿಂತ ದೊಡ್ಡ ಮರ್ಯಾದೆ ಹಾಕಿಯಲ್ಲಿ ಇಲ್ಲ. ಜಖಾರ್ ಲೋಟ ಎತ್ತಿದ, ಒಪ್ಪಿದ, ನಿರ್ದೇಶಕನನ್ನು ತಬ್ಬಿ ಅತ್ತ. ಇಷ್ಟು ವರ್ಷ ಬಿಲ್ಲೆ ಎಲ್ಲಿಂದ ಬರುತ್ತದೆಂದು ಮೊದಲೇ ಊಹಿಸಿ ಬದುಕಿದವನು, ಇದೊಂದನ್ನು ಊಹಿಸಲಿಲ್ಲ.

ಮರುವಾರ ಸ್ಕೇಟ್ಸ್ ಸಾಣೆ ಹಿಡಿಸಲು ಕುಜ್ಮಿಚ್ ಹತ್ತಿರ ಹೋದ. ಈ ಮುದುಕ ತಂಡದ ಸಾಮಾನು ನೋಡಿಕೊಳ್ಳುವವನು, ಬಾಯಿ ಬಿಟ್ಟರೆ ಬೈಗುಳ.

"ಮೊದಲ್ನೇ ಪಂದ್ಯಕ್ಕೆ ಚೂಪಾಗಿರ್ಲಿ ಕುಜ್ಮಿಚ್" ಎಂದ ಜಖಾರ್.

"ಯಾವ ನಂಬರ್ ಹಾಕ್ಕೊಂಡು ಆಡ್ತೀಯೋ?"

"ಇದೇನ್ ಕೇಳ್ತೀಯ? ನಲವತ್ನಾಲ್ಕು."

ಕುಜ್ಮಿಚ್ ಸಾಣೆಯಂತ್ರ ನಿಲ್ಲಿಸಿದ. "ಲೇ ಪೆದ್ದ, ಮೇಲೆ ಹೋದ ನಂಬರು ಕೆಳಗೆ ಇಳಿಯತ್ತಾ? ಅದನ್ನ ಇನ್ಮೇಲೆ ಯಾರೂ ಹಾಕೋ ಹಾಗಿಲ್ಲ. ನೀನೂ ಹಾಕೋ ಹಾಗಿಲ್ಲ. ಏರ್ಸೋದು ಸತ್ತೋರಿಗೆ, ಇಲ್ಲಾ ಬಿಟ್ಟೋರಿಗೆ. ನೀನು ಎರಡ್ರಲ್ಲಿ ಯಾವ್ದು?"

ಜಖಾರ್ ನಗಲು ನೋಡಿದ. ನಗು ಬರಲಿಲ್ಲ. ನೇರ ನಿರ್ದೇಶಕನ ಕೋಣೆಗೆ ಹೋದ.

"ಅರ್ಸೇನಿ ಪಾವ್ಲೊವಿಚ್, ನಾನು ಬಿಟ್ಟಿಲ್ಲ. ಮಂಡಿ ಸರಿಯಾಗಿದೆ. ಬೇಕಾದ್ರೆ ಬೇರೆ ನಂಬರ್ ಕೊಡಿ, ನಾಲ್ಕು ಕೊಡಿ, ಸೊನ್ನೆ ಕೊಡಿ, ಆಡ್ತೀನಿ."

ನಿರ್ದೇಶಕ ಚಹಾಕ್ಕೆ ನಿಂಬೆಹೋಳು ಹಾಕಿ ನಿಧಾನವಾಗಿ ಕಲಕಿದ. "ಇವತ್ತು ಊರೆಲ್ಲಾ ನಿನ್ನ ನೆನೆಸ್ಕೊಂಡು ಅಳತ್ತೆ, ನಾಳೆ ನೀನು ಆಟಗಾರರ ಬೆಂಚ್ ಮೇಲೆ ಕೂತಿರ್ತೀಯ. ಸರ್ಕಸ್ಸಾ ಇದು? ಇಪ್ಪತ್ತು ವರ್ಷದ ಹುಡುಗರು ಕಾಯ್ತಾ ಇದಾರೆ ಜಖಾರ್. ನಿನ್ನ ತೆಗೆದುಹಾಕಿದ್ವಿ ಅಂದ್ರೆ ಜನ ನನ್ನ ಕಿಟಕಿ ಒಡೀತಾರೆ. ಮೇಲೇರಿಸಿದ್ವಿ ಅಂದ್ರೆ ಚಪ್ಪಾಳೆ ಹೊಡೀತಾರೆ. ನೀನೇ ಹೇಳು, ನಾನೇನ್ ಮಾಡ್ಬೇಕಿತ್ತು?"

"ಮೊದಲೇ ಹೇಳ್ಬೇಕಿತ್ತು."

"ಹೇಳಿದ್ರೆ ಒಪ್ತಿದ್ಯಾ?"

ಮನೆಯಲ್ಲಿ ರಿಮ್ಮಾ ಇಸ್ತ್ರಿ ಮಾಡುತ್ತಿದ್ದಳು. "ಬೇಡ ಅಂದ್ಬಿಡು" ಎಂದಳು ಮೊದಲು. ಆಮೇಲೆ ಅವಳೇ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ಹೇಗಂತೀಯ? ನಮ್ಮಮ್ಮ ಹಳ್ಳಿಯಿಂದ ಹೊಸ ಕೋಟು ಹೊಲಿಸ್ಕೊಂಡು ಬರ್ತಿದಾಳೆ. ಟಿಕೆಟ್ ಎಲ್ಲಾ ಮುಗಿದೋಗಿದೆ. ಈಗ ಬೇಡ ಅಂದ್ರೆ ಊರಿನ ಮುಖಕ್ಕೆ ಉಗಿದ ಅಂತಾರೆ" ಎಂದಳು. ಅವಳ ಮಾತು ನಿಜವಾಗಿತ್ತು, ಅದಕ್ಕೇ ಜಖಾರನಿಗೆ ಅವಳ ಮೇಲೂ ಸಿಟ್ಟು ಬಂತು.

ಮೊದಲ ಪಂದ್ಯದ ಸಂಜೆ ಮಂಜಿನ ಮೇಲೆ ಕೆಂಪು ಜಮಖಾನೆ ಹಾಸಿದ್ದರು. ಮೇಲೇರಿಸಿಕೊಳ್ಳುವವನು ಸೂಟು ಹಾಕಿ, ಬೂಟಿನಲ್ಲೇ ನಡೆದು ಬರಬೇಕು, ಅದು ಪದ್ಧತಿ. ಐದನೆಯ ವಯಸ್ಸಿನಿಂದ ಜಖಾರ್ ಆ ಮಂಜಿನ ಮೇಲೆ ಬೂಟು ಊರಿರಲಿಲ್ಲ. ಜಮಖಾನೆಯ ಅಂಚಿನಲ್ಲಿ ಕಾಲು ಜಾರಿತು. ಇಡೀ ಕ್ರೀಡಾಂಗಣ ಅಕ್ಕರೆಯಿಂದ ನಕ್ಕಿತು. ಅವನ ಹದಿನೇಳು ವರ್ಷದಲ್ಲಿ ಅಷ್ಟು ನೋವಾದ ಪೆಟ್ಟು ಇನ್ನೊಂದಿಲ್ಲ. ಬ್ಯಾಂಡು ಊದಿತು, ಹಗ್ಗ ಎಳೆದರು, ಅಂಗಿ ಮೇಲೆ ಹೋಯಿತು. ಅತ್ತೆ ಹೊಸ ಕೋಟಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನಿರ್ದೇಶಕ ಧ್ವನಿವರ್ಧಕದಲ್ಲಿ, "ನಮ್ಮ ಜಖಾರ್ ತಾನಾಗಿಯೇ, ಗೌರವದಿಂದ ವಿದಾಯ ಹೇಳುತ್ತಿದ್ದಾನೆ" ಎಂದ. ಜಖಾರ್ ಕೈ ಬೀಸಿದ.

ಪಂದ್ಯ ಶುರುವಾಯಿತು. ಅವನನ್ನು ನಿರ್ದೇಶಕನ ಪಕ್ಕದ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ್ದರು. ಎರಡನೆಯ ಅವಧಿಯಲ್ಲಿ ಗೊರ್ನ್ ತಂಡದ ಹೊಸ ಹುಡುಗನೊಬ್ಬ, ಬಿಲ್ಲೆ ಬಂದಾಗ ಬುದ್ಧಿವಂತರ ಹಾಗೆ ಪಕ್ಕಕ್ಕೆ ಸರಿದ. ಗೋಲು. ಮತ್ತೊಮ್ಮೆ ಸರಿದ. ಮತ್ತೊಂದು ಗೋಲು. ಗ್ಯಾಲರಿಯಲ್ಲಿ ಯಾರೋ "ಜಖಾರ್!" ಎಂದು ಕೂಗಿದರು, ಆಮೇಲೆ ಎಲ್ಲರೂ ಕೂಗಿದರು. ಜಖಾರನ ಮಂಡಿ ತಾನಾಗಿಯೇ ಬಗ್ಗಿತು, ಒಂದಿಷ್ಟೂ ನೋಯಲಿಲ್ಲ. ಅವನು ಕುರ್ಚಿಯಿಂದ ಅರ್ಧ ಎದ್ದ.

ನಿರ್ದೇಶಕ ಅವನ ತೊಡೆಯ ಮೇಲೆ ಕೈಯಿಟ್ಟು ಕೂರಿಸಿದ. "ನೋಡಿದ್ಯಾ, ಎಷ್ಟು ಪ್ರೀತಿ! ಕೆಳಗಿದ್ದಿದ್ರೆ ಇವ್ರೇ ನಿನ್ನ ಮುದುಕ ಅಂತ ಬೈಯೋರು."

ಮರುದಿನ ಬೆಳಿಗ್ಗೆ ಜಖಾರ್ ಎಂದಿನಂತೆ ಆಟಗಾರರ ಬಾಗಿಲಿಗೆ ಹೋದ. ಸ್ಕೇಟ್ಸ್ ಒಳಗೇ ಉಳಿದಿದ್ದವು. ಬಾಗಿಲು ಕಾಯುವ ತೋನ್ಯಾ ಚಿಕ್ಕಮ್ಮ ಅವನನ್ನು ಕಂಡೊಡನೆ ಎದ್ದು ತಬ್ಬಿಕೊಂಡಳು, ಕೆನ್ನೆ ಸವರಿದಳು, ಫೋನು ತೆಗೆದು ಅವನ ಜೊತೆ ಫೋಟೊ ಹಿಡಿದುಕೊಂಡಳು.

"ರಾತ್ರಿಯೆಲ್ಲಾ ಅಳ್ತಾನೇ ಇದ್ದೆ ಕಣಪ್ಪ. ನಮ್ಮ ಹೆಮ್ಮೆ ನೀನು."

"ಸರಿ ಚಿಕ್ಕಮ್ಮ, ಬಾಗಿಲು ಬಿಡು."

ಅವಳ ಮುಖ ಸಣ್ಣದಾಯಿತು. "ನಿನ್ನ ಪಾಸ್ ನಡೆಯಲ್ಲ ಮಗಾ. ಬೆಳಿಗ್ಗೆನೇ ತೆಗೆದುಬಿಟ್ರು. ಆಟಗಾರರಿಗೆ ಮಾತ್ರ ಅಂತ ಆರ್ಡರ್ರು. ನಂಗೆ ಇನ್ನೆರಡು ವರ್ಷ ಇದೆ ಪೆನ್ಷನ್ನಿಗೆ."

ಅವಳ ತಲೆಯ ಹಿಂದೆ ತೆರೆದ ಬಾಗಿಲಿನಲ್ಲಿ ಸೂರು ಕಾಣುತ್ತಿತ್ತು, ಅಲ್ಲಿ ಅವನ ಅಂಗಿ ಒಳಗೇ ಇತ್ತು. ತೋನ್ಯಾ ಕುಜ್ಮಿಚ್‌ನನ್ನು ಕೂಗಿದಳು. ಮುದುಕ ಸ್ಕೇಟ್ಸ್ ತಂದು, ಮುಖ ನೋಡದೆ, ಹೊಸ್ತಿಲಾಚೆಗೆ ಚಾಚಿದ.

"ಸಾಣೆ ಹಿಡಿದಿದೀನಿ. ಕೈ ಕೊಯ್ಕೋಬೇಡ."

ಜಖಾರ್ ಅವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನದಿಯ ಕಡೆಗೆ ನಡೆದ. ಬಿಸಿಲಿತ್ತು, ಮೀನು ಹಿಡಿಯುವವರು ದೋಣಿಯಲ್ಲಿ ಕುಳಿತಿದ್ದರು. ನೀರು ಹೆಪ್ಪುಗಟ್ಟಲು ಇನ್ನೂ ಎರಡು ತಿಂಗಳು ಬೇಕಿತ್ತು.