ಹೆದ್ದಾರಿಯ ಆಚೆಗೆ ಹೋದ ಓಣಿ

ನಮ್ಮತ್ತೆ ಸಿಂಗಪುರಕ್ಕೆ ಬಂದದ್ದು ನನ್ನ ಬಾಣಂತನಕ್ಕೆ. ನನಗೆ ತಾಯಿ ಇಲ್ಲ, ಹಾಗಾಗಿ ಆ ಕೆಲಸ ಅವರ ಪಾಲಿಗೆ ಬಂತು. ಬರುವಾಗ ಓಮ, ಒಣಶುಂಠಿ, ಲೇಹ್ಯದ ಡಬ್ಬಿಗಳ ಜೊತೆಗೆ ತಮ್ಮ ಊರಿನ ಪುರಸಭೆಯನ್ನೂ ಹೊತ್ತು ತಂದಿದ್ದರು. ಕರಾವಳಿಯ ಆ ಸಣ್ಣ ಊರಿನಲ್ಲಿ ಅವರು ಎರಡು ಅವಧಿಗೆ ಪಕ್ಷೇತರರಾಗಿ ಗೆದ್ದು ಸದಸ್ಯೆಯಾಗಿದ್ದವರು. ಟೋವಾ ಪಾಯೋದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಮೆಂತೆ ಗಂಜಿ ತಿರುವುತ್ತಾ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಯಾರದೋ ಚರಂಡಿಯ ವಿಷಯ, ಇನ್ಯಾರದೋ ಬೀದಿದೀಪದ ವಿಷಯ ಮಾತಾಡುತ್ತಿದ್ದರು.

ನಿಜವೆಂದರೆ ಅವರ ಅವಧಿ ಮುಗಿದು ವರ್ಷಗಳೇ ಆಗಿದ್ದವು. ವಾರ್ಡುಗಳ ಗಡಿ ಸರಿಯಿಲ್ಲವೆಂದು ಯಾರೋ ಕೋರ್ಟಿಗೆ ಹೋಗಿದ್ದರು, ಚುನಾವಣೆ ಅಲ್ಲಿಯೇ ಸಿಕ್ಕಿಬಿದ್ದಿತ್ತು. ಪುರಸಭೆಯನ್ನು ಒಬ್ಬ ಅಧಿಕಾರಿ ನಡೆಸುತ್ತಿದ್ದರು. ಜನ ಮಾತ್ರ ಅತ್ತೆಗೇ ಫೋನ್ ಮಾಡುತ್ತಿದ್ದರು.

"ಇಲ್ಲಿರುವಾಗ್ಲೇ ಎಲೆಕ್ಷನ್ ಅನೌನ್ಸ್ ಆದ್ರೆ ಏನ್ ಮಾಡ್ತೀರಾ ಅತ್ತೆ?" ಎಂದು ಒಮ್ಮೆ ರೇಗಿಸಿದೆ.

"ಅದು ನಮ್ಮ ಕಾಲಕ್ಕೆ ಬರುದಿಲ್ಲ ಮಾರಾಯ್ತಿ. ಕೋರ್ಟಿಗೆ ಹೋದ್ದಲ್ವಾ? ಗೆದ್ದವ ಸೋತ, ಸೋತವ ಸತ್ತ. ನೀನು ಗಂಜಿ ಕುಡಿ."

ಅದನ್ನು ನಂಬಿಯೇ ಅವರು ವಿಮಾನ ಹತ್ತಿದ್ದರು. ಆ ಊರಿನಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರು. ಅಷ್ಟು ಸಲ ಮುಂದೂಡಿದ್ದನ್ನು ಕಂಡವರು ಇನ್ನೇನು ತಾನೇ ನಂಬಬೇಕಿತ್ತು?

ಮಗು ಅವಸರಪಟ್ಟು ಹುಟ್ಟಿತು. ಅಂಗೈಗಿಂತ ಸ್ವಲ್ಪ ದೊಡ್ಡ ಹೆಣ್ಣು ಕೂಸು, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ನಳಿಕೆ. ನನ್ನನ್ನು ಮನೆಗೆ ಕಳಿಸಿದರು, ಅವಳನ್ನು ಕಳಿಸಲಿಲ್ಲ. ಹೊಟ್ಟೆಯ ಹೊಲಿಗೆ ಕೀವಾಗಿ ನನಗೆ ಜ್ವರ ಬಂತು, ಓಡಾಡಬಾರದೆಂದರು. ಗಂಡನ ರಜೆ ಮುಗಿದಿತ್ತು. ನಾನು ಮಲಗಿದಲ್ಲೇ ಹಾಲು ತೆಗೆದು ಬಾಟಲಿಗೆ ತುಂಬುವುದು, ಅತ್ತೆ ಅದನ್ನು ಐಸ್ ಚೀಲದಲ್ಲಿಟ್ಟು ಎಂಆರ್‌ಟಿ ಹತ್ತಿ ಆಸ್ಪತ್ರೆಗೆ ಮುಟ್ಟಿಸುವುದು. ಇಂಗ್ಲಿಷು ಅಷ್ಟಕ್ಕಷ್ಟೇ ಬಲ್ಲ ಹೆಂಗಸಿಗೆ ದಾರಿ ಕಲಿಯಲು ಒಂದೇ ದಿನ ಸಾಕಾಯಿತು. ರೈಲಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದರಂತೆ. ಬಂದು ನನಗೆ ವರದಿ ಒಪ್ಪಿಸುತ್ತಿದ್ದರು. ಇವತ್ತು ಕಣ್ಣು ಬಿಟ್ಟಳು, ಇವತ್ತು ಕಾಲು ಒದ್ದಳು.

ಅಂಥ ದಿನಗಳಲ್ಲಿಯೇ ಕೋರ್ಟಿಗೆ ಎಚ್ಚರವಾಯಿತು. ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿ ಕೂಡಲೇ ಚುನಾವಣೆ ನಡೆಸಬೇಕೆಂದು ಆದೇಶ ಬಂತು. ಇಷ್ಟು ವರ್ಷ ಆಮೆಯಾಗಿದ್ದವರೆಲ್ಲ ಮೊಲವಾದರು. ಹೊಸ ನಕ್ಷೆ ಅತ್ತೆಯ ಫೋನಿಗೆ ಬಂತು, ಗಂಡ ಅದನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಅತ್ತೆ ಕನ್ನಡಕ ಹಾಕಿಕೊಂಡು ಮೊದಲು ಹುಡುಕಿದ್ದು ಒಂದು ಓಣಿಯನ್ನು.

ಆ ಓಣಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬಯಲುಸೀಮೆಯಿಂದ ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ಬೇರುಬಿಟ್ಟ ಜನ. ಬಾವಿ ತೋಡಿದರೆ ಉಪ್ಪುನೀರು. ಟ್ಯಾಂಕರ್ ಬಂದ ದಿನವೇ ಅವರಿಗೆ ಹಬ್ಬ. ಅತ್ತೆ ಎರಡನೇ ಅವಧಿಯಲ್ಲಿ ಜಗಳವಾಡಿ ಅಲ್ಲಿಗೊಂದು ಪೈಪ್‌ಲೈನು ಮಂಜೂರು ಮಾಡಿಸಿದ್ದರು. ಪೈಪು ಓಣಿಯ ಬಾಯಿಗೆ ಬರುವಷ್ಟರಲ್ಲಿ ಅವಧಿ ಮುಗಿಯಿತು. ಅಧಿಕಾರಿಗಳು ಬದಲಾಗುತ್ತಾ ಹೋದರು, ಪೈಪಿನ ಬಾಯಿಗೆ ಯಾರೋ ಗೋಣಿ ತುರುಕಿದರು, ಕೆಲಸ ನಿಂತೇ ಹೋಯಿತು.

ಹೊಸ ನಕ್ಷೆಯಲ್ಲಿ ಓಣಿ ಅತ್ತೆಯ ವಾರ್ಡಿನಲ್ಲಿರಲಿಲ್ಲ. ಹೆದ್ದಾರಿಯ ಆಚೆಗಿನ ದೊಡ್ಡ ವಾರ್ಡಿಗೆ ಅದನ್ನು ಬಾಲದ ಹಾಗೆ ಅಂಟಿಸಿದ್ದರು. ಅತ್ತೆಯ ಮನೆಯಿದ್ದ ವಾರ್ಡು ಬೇರೆ ಮೀಸಲಾತಿಗೆ ಹೋಗಿತ್ತು. ಆಚೆಯ ವಾರ್ಡು ಸಾಮಾನ್ಯ ಮಹಿಳೆಗೆ. ಅಂದರೆ ಅತ್ತೆ ನಿಲ್ಲುವುದಾದರೆ ಆ ಗುರುತಿಲ್ಲದ ವಾರ್ಡಿನಲ್ಲಿಯೇ ನಿಲ್ಲಬೇಕು. ನಿಲ್ಲದಿದ್ದರೆ ಓಣಿಯವರಿಗೆ ಅಲ್ಲಿ ಯಾರೂ ಇಲ್ಲ.

"ಆ ಪೈಪು ಒಂದು ಒಳಗೆ ಹೋಗ್ಬೇಕಿತ್ತು," ಎಂದರು ಅತ್ತೆ. "ಮತ್ತೆ ನನಗೆ ಈ ಮೆಂಬರಿಕೆ ಎಲ್ಲ ಬೇಡ."

ಮಗು ಆ ವಾರ ಚೆನ್ನಾಗಿತ್ತು. ಮೂಗಿನ ನಳಿಕೆ ತೆಗೆದಿದ್ದರು, ತೂಕವೂ ಏರುತ್ತಿತ್ತು. ನಾನೇ ಮುಂದೆ ಬಿದ್ದು, ಹೋಗಿ ಬನ್ನಿ ಅತ್ತೆ ಎಂದೆ. ಗಂಡ ಟಿಕೆಟ್ ಬುಕ್ ಮಾಡಿದ. ಅತ್ತೆ ಓಣಿಯ ಹಿರಿಯಾಕೆಗೆ ಫೋನ್ ಮಾಡಿ ಬರ್ತೇನೆ ಎಂದರು. ಆಚೆ ಕಡೆಯಿಂದ ಬಂದ ಸಂತೋಷದ ಗದ್ದಲ ನನ್ನ ಕೋಣೆಯವರೆಗೂ ಕೇಳಿಸಿತು.

ಮನೆಯಲ್ಲಿ ಮಾತಾಡಿದರೆ ನನ್ನ ನಿದ್ದೆ ಕೆಡುತ್ತದೆಂದು ಅತ್ತೆ ಆಮೇಲಿನ ಫೋನುಗಳನ್ನೆಲ್ಲ ಕೆಳಗೆ ವಾಯ್ಡ್ ಡೆಕ್ಕಿನ, ಅಂದರೆ ಬ್ಲಾಕಿನ ತಳದ ತೆರೆದ ಜಾಗದ, ಕಲ್ಲುಮೇಜಿನ ಬಳಿ ಕೂತು ಮಾಡುತ್ತಿದ್ದರು. ನಮ್ಮ ಬ್ಲಾಕಿನ ಎರಡನೇ ಮಹಡಿಯ ಚೀನೀ ಆಂಟಿ ಅಲ್ಲಿಯೇ ಕೂರುವವರು. ಒಂದು ಸಂಜೆ ಗಾಳಿಗೆಂದು ನಾನೂ ಮೆಲ್ಲಗೆ ಇಳಿದಿದ್ದೆ. ಇವರು ಯಾರ ಜೊತೆ ಇಷ್ಟೊಂದು ಜಗಳ ಆಡುತ್ತಾರೆ ಎಂದು ಆಂಟಿ ನನ್ನನ್ನು ಕೇಳಿದರು. ನಾನು ಗಡಿಯ ವಿಷಯ ವಿವರಿಸಿದೆ. ಆಂಟಿ ನಕ್ಕುಬಿಟ್ಟರು. ನಾನು ಮದುವೆಯಾದಾಗಿನಿಂದ ಇದೇ ಬ್ಲಾಕಿನಲ್ಲಿದ್ದೇನೆ, ಕ್ಷೇತ್ರ ಮಾತ್ರ ಆಗಾಗ ಶಿಫ್ಟ್ ಆಗುತ್ತಿರುತ್ತದೆ, ನಾನು ಕೂತಲ್ಲೇ ಇದ್ದೇನೆ ಲಾ, ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ಹಾಗೆ ಶಿಫ್ಟ್ ಆದಾಗ ನೀರು ಎಂತ ಆಗ್ತದೆ, ಕೇಳು," ಎಂದರು ಅತ್ತೆ.

ಕೇಳಿದೆ. ಆಂಟಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನೀರು ಏನಾಗುತ್ತದೆ? ನಲ್ಲಿ ತಿರುಗಿಸಿದರೆ ಬರುತ್ತದೆ. ಅತ್ತೆ ಆಂಟಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಪುಣ್ಯವಂತೆ, ಎಂದು ಎದ್ದರು.

ಹೊರಡುವ ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು. ಮಗುವಿಗೆ ಸೋಂಕು ತಗುಲಿದೆ, ಮತ್ತೆ ನಳಿಕೆ ಹಾಕಿದ್ದೇವೆ, ನೋಡೋಣ. ಈ "ನೋಡೋಣ" ಎನ್ನುವುದು ಯಾವ ದೇಶದ ಡಾಕ್ಟರು ಹೇಳಿದರೂ ಒಂದೇ. ಗಂಡ ಆಫೀಸಿನಿಂದ ನೇರ ಅಲ್ಲಿಗೆ ಓಡಿದ. ನಾನು ಹಾಸಿಗೆಯಲ್ಲಿ ಕೂತು ಹಾಲು ತೆಗೆಯಲು ನೋಡಿದೆ, ಒಂದು ಹನಿಯೂ ಬರಲಿಲ್ಲ. ಅತ್ತೆ ನನ್ನ ಬೆನ್ನಿಗೆ ಬಿಸಿ ಬಟ್ಟೆ ಇಟ್ಟರು. ಕಟ್ಟಿಟ್ಟಿದ್ದ ಸೂಟ್‌ಕೇಸು ಬಾಗಿಲ ಹತ್ತಿರವೇ ಇತ್ತು. ಬೆಳಗ್ಗೆ ಎದ್ದು ನೋಡಿದರೆ ಅದರ ಬಟ್ಟೆಗಳು ಮತ್ತೆ ಕಪಾಟಿಗೆ ಹೋಗಿದ್ದವು, ಅತ್ತೆ ಐಸ್ ಚೀಲ ತೊಳೆಯುತ್ತಿದ್ದರು.

ಗಂಡ, "ಅಮ್ಮ, ನೀವು ಹೋಗಿ, ನಾವು ಹೇಗೋ ಮ್ಯಾನೇಜ್ ಮಾಡ್ತೇವೆ," ಎಂದ. ಹೇಳುವಾಗ ಅವನು ನೆಲ ನೋಡುತ್ತಿದ್ದ. ನಾನು ಅಷ್ಟನ್ನೂ ಹೇಳಲಿಲ್ಲ. ಹೋಗಿ ಎನ್ನಲು ಬಾಯಿ ಬರಲಿಲ್ಲ, ಇರಿ ಎನ್ನಲು ಮುಖವಿರಲಿಲ್ಲ. ಬಿಸಿ ತುಪ್ಪ ಎನ್ನುತ್ತಾರಲ್ಲ, ಅದು ಏನೆಂದು ಅವತ್ತು ತಿಳಿಯಿತು. ನನಗೆ ಎಲ್ಲರ ಮೇಲೂ ಸಿಟ್ಟು. ವರ್ಷಗಟ್ಟಲೆ ಮಲಗಿ ಈಗಲೇ ಎದ್ದ ಕೋರ್ಟಿನ ಮೇಲೆ, ನಕ್ಷೆಯ ಮೇಲೆ ಗೆರೆ ಎಳೆದವನ ಮೇಲೆ, ಒಂದು ಮಾತೂ ಆಡದೆ ಬಟ್ಟೆ ಮಡಿಸಿಟ್ಟ ಅತ್ತೆಯ ಮೇಲೂ.

ಕೊನೆಗೆ ಒಂದು ಉಪಾಯ ಹೊಳೆಯಿತು. ನಾಮಪತ್ರಕ್ಕೆ ಸಹಿ ಹಾಕಿ ಕೊರಿಯರ್ ಮಾಡಿದರೆ ಊರಿನಲ್ಲಿ ಯಾರಾದರೂ ಸೂಚಕರು ಸಲ್ಲಿಸಬಹುದು. ಪ್ರಚಾರಕ್ಕೆ ವಾಟ್ಸಾಪು, ವೀಡಿಯೊ ಇದ್ದೇ ಇದೆ. "ಅಷ್ಟೇ ಅತ್ತೆ. ಇಲ್ಲಿಂದಲೇ ನಿಲ್ಲಬಹುದು. ಎಲ್ಲಾ ನಾನು ಸೆಟ್ ಮಾಡಿ ಕೊಡ್ತೀನಿ," ಎಂದೆ.

ಅತ್ತೆ ಬೇಡವೆಂದು ತಲೆಯಾಡಿಸಿದರು. ಅವರು ಓಟು ಕೇಳುವುದಕ್ಕೆ ಒಂದು ರೀತಿಯಿತ್ತು. ಮನೆಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಒಂದು ಲೋಟ ನೀರು ಕೇಳಿ ಕುಡಿಯುವುದು. ಎಷ್ಟೇ ಮನೆಯಿರಲಿ, ಪ್ರತಿ ಮನೆಯಲ್ಲಿ. ಯಾವ ಮನೆಯ ನೀರು ಸಪ್ಪೆ, ಯಾವುದು ಉಪ್ಪು, ಯಾವ ಮನೆಯಲ್ಲಿ ಲೋಟ ಅರ್ಧ ತುಂಬಿಸಿ ನಾಚಿಕೊಂಡರು ಎನ್ನುವುದು ಅವರಿಗೆ ಹಾಗೆಯೇ ಗೊತ್ತಾಗಿದ್ದು.

"ಹೆದ್ದಾರಿಯ ಆಚೆಯವರಿಗೆ ನನ್ನ ಮುಖ ಗೊತ್ತಿಲ್ಲ. ಅವರ ಮನೆ ನೀರು ಕುಡಿಯದೆ ಓಟು ಕೊಡಿ ಅಂತ ಫೋನಲ್ಲಿ ಹೇಳುದಾ? ನನ್ನಿಂದ ಆಗುದಿಲ್ಲ."

ನನಗೆ ರೇಗಿತು. ಈಗಿನ ಕಾಲದಲ್ಲಿ ಮುಖ ನೋಡಿ ಯಾರು ಓಟು ಹಾಕುತ್ತಾರೆ ಎಂದೂ ಅಂದೆ. ಅವರು ಹಾಲಿನ ಚೀಲ ಹಿಡಿದು ಆಸ್ಪತ್ರೆಗೆ ಹೊರಟರು. ಮಧ್ಯಾಹ್ನ ವಾಪಸ್ ಬಂದು ಓಣಿಯ ಹಿರಿಯಾಕೆಗೆ ಫೋನ್ ಮಾಡಿದರು. ಮೊಮ್ಮಗಳಿಗೆ ಹುಷಾರಿಲ್ಲ, ಬರ್ಲಿಕ್ಕೆ ಆಗುದಿಲ್ಲ, ಎಂದರು. ಅವಳು ಮಗುವಿನ ಬಗ್ಗೆಯೇ ಕೇಳಿದಳು, ದ್ಯಾಮವ್ವನಿಗೆ ಹರಕೆ ಹೊರುತ್ತೇನೆ ಎಂದಳು. ನಾಮಪತ್ರದ ಕೊನೆಯ ದಿನ ಹೀಗೆಯೇ ಕಳೆದುಹೋಯಿತು. ಆವತ್ತು ಅತ್ತೆ ಫ್ರಿಡ್ಜ್ ಖಾಲಿ ಮಾಡಿ ಒಳಗೆಲ್ಲ ಒರೆಸಿದರು.

ಮಗು ನಿಧಾನಕ್ಕೆ ಚೇತರಿಸಿಕೊಂಡಿತು. ಮತದಾನಕ್ಕೆ ಕೆಲವು ದಿನ ಮೊದಲು ಅವಳನ್ನು ಮನೆಗೆ ತಂದೆವು. ಅತ್ತೆ ಅವಳಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ತುಳುವಿನಲ್ಲಿ ಏನೇನೋ ಹೇಳುತ್ತಾ ಕೂರುತ್ತಿದ್ದರು. ಊರಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮತದಾನ ಭಾನುವಾರ ಬಿದ್ದಿತ್ತು, ಗಂಡನೂ ಮನೆಯಲ್ಲಿದ್ದ. ಊಟ ಮುಗಿಸಿ ಕೂತಿದ್ದಾಗ ಹಿರಿಯಾಕೆಯ ಫೋನ್ ಬಂತು. ಮಗು ತೋಳಲ್ಲಿದ್ದುದರಿಂದ ಅತ್ತೆ ಸ್ಪೀಕರಿಗೆ ಹಾಕಿಸಿದರು.

"ಅಕ್ಕಾರ, ಎಲ್ಲಾರೂ ಹೋಗಿ ಬಂದ್ವಿ ನೋಡ್ರಿ. ಈ ಸಲ ಬೂತು ಭಾಳ ದೂರ ಹಾಕ್ಯಾರ, ಹೈವೇ ದಾಟಿ ಹೋಗಬೇಕಾತು. ಮುದುಕರನ್ನ ಕೈ ಹಿಡಿದು ದಾಟಿಸಿದ್ವಿ. ಒಬ್ಬರನ್ನೂ ಬಿಟ್ಟಿಲ್ಲ. ಕೂಸು ಹೆಂಗೈತಿ?"

"ಕೂಸು ಮನೆಗೆ ಬಂತು. ನೀವು ಯಾರಿಗೆ ಹಾಕಿದ್ದು? ಓಟು ಕೇಳ್ಲಿಕ್ಕೆ ಯಾರಾದ್ರೂ ಬಂದಿದ್ರಾ?"

"ಈ ಕಡೆ ಯಾರ ಬರ್ತಾರ್ರಿ? ಒಬ್ಬರೂ ಬಂದಿಲ್ಲ. ಬಂದಿದ್ರೂ ಏನೀಗ? ಎಲ್ಲಾರೂ ನಿಮಗ ಒತ್ತಿ ಬಂದೀವಿ, ಹೊಲಿಗಿ ಮಷೀನಿಗೆ."

ಅತ್ತೆ ಎರಡು ಸಲವೂ ಗೆದ್ದದ್ದು ಹೊಲಿಗೆ ಯಂತ್ರದ ಗುರುತಿನಲ್ಲಿ. ಪಕ್ಷೇತರರ ಗುರುತು ಯಾರ ಸ್ವತ್ತೂ ಅಲ್ಲ, ಒಬ್ಬರು ನಿಲ್ಲದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ. ಆದರೆ ಅಕ್ಷರ ಬಾರದ ಆ ಹಿರಿಯರಿಗೆ ಹೊಲಿಗೆ ಯಂತ್ರವೆಂದರೆ ಅಕ್ಕ. ಬರಲಿಕ್ಕೆ ಆಗುವುದಿಲ್ಲ ಎಂದಿದ್ದನ್ನು ಅವರು ಅಷ್ಟಕ್ಕೇ ತೆಗೆದುಕೊಂಡಿದ್ದರು. ಎಲ್ಲವೂ ಫೋನಿನಲ್ಲೇ ಆಗುವ ಕಾಲದಲ್ಲಿ ಅಕ್ಕ ಅಲ್ಲಿಂದಲೇ ನಿಂತಿದ್ದಾರೆ ಎಂದುಕೊಂಡಿದ್ದರು.

ಗಂಡ ಆಗಲೇ ಅಭ್ಯರ್ಥಿಗಳ ಹೆಸರು ಹುಡುಕಿ ಫೋನನ್ನು ಅತ್ತೆಯ ಮುಂದೆ ಹಿಡಿದ. ಅತ್ತೆ ನೋಡಿ ತಲೆಯಲ್ಲಾಡಿಸಿದರು. ಹೊಲಿಗೆ ಯಂತ್ರ ಈ ಸಲ ಹೆದ್ದಾರಿಯ ಆಚೆಯ ಯಾವಳೋ ಹೆಂಗಸಿಗೆ ಹೋಗಿತ್ತು, ಅತ್ತೆ ಅವಳ ಹೆಸರೇ ಕೇಳಿರಲಿಲ್ಲ.

"ಅಕ್ಕಾರ, ಅದೀರೇನು?"

"ಇದ್ದೇನೆ. ಬಿಸಿಲಲ್ಲಿ ಹೋಗಿ ಬಂದಿದ್ದೀರಿ, ಊಟ ಮಾಡಿ," ಎಂದು ಅತ್ತೆ ಫೋನ್ ಇಡಲು ಸನ್ನೆ ಮಾಡಿದರು.

"ಹೇಳ್ಬಿಡಬೇಕಿತ್ತು ಅತ್ತೆ, ಅದು ನೀವಲ್ಲ ಅಂತ," ಎಂದೆ.

"ಹೇಳಿದ್ರೆ ಪುನಃ ಓಟು ಹಾಕ್ಲಿಕ್ಕೆ ಬಿಡ್ತಾರಾ ಅವರನ್ನು?"

ಗಂಡ ಎದ್ದು ಬಾಲ್ಕನಿಗೆ ಹೋದ.

ಎಣಿಕೆಯ ದಿನ ಆಚೆಯ ವಾರ್ಡಿನಲ್ಲಿ ಗೆದ್ದದ್ದು ಬೇರೆ ಯಾರೋ. ಹೊಲಿಗೆ ಯಂತ್ರದವಳು ಸೋತಿದ್ದಳು. ಸುದ್ದಿ ತಿಳಿದ ಮೇಲೆ ಅತ್ತೆ ಫೋನನ್ನು ಎದುರಿಗಿಟ್ಟುಕೊಂಡೇ ಕೂತಿದ್ದರು. ಹಿರಿಯಾಕೆ ಮಾಡಿಯೇ ಮಾಡುತ್ತಾಳೆಂದು ಅವರಿಗೆ ಗೊತ್ತಿತ್ತು. ಈಗಲಾದರೂ ನಿಜ ಹೇಳುತ್ತಾರೆ ಎಂದು ನಾನು ಪಕ್ಕದಲ್ಲೇ ಕೂತೆ. ಫೋನ್ ಬಂತು, ಅತ್ತೆ ಸ್ಪೀಕರಿಗೆ ಹಾಕಿದರು.

"ಏನಾತ್ರಿ, ಅಕ್ಕಾರ?"

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು.

"ಸೋತೆ," ಎಂದರು.

ಆಚೆ ಕಡೆ ಅವಳು ಪಕ್ಕದವರಿಗೆ ಹೇಳಿದ್ದು, ಅವರು ಲೊಚಗುಟ್ಟಿದ್ದು ಕೇಳಿಸಿತು.

"ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು ಹಿರಿಯಾಕೆ. "ಆ ಕಡೆ ಮಂದಿ ಭಾಳ, ನಾವು ನಾಕು ಮನಿ. ನಿಮ್ಮ ತಪ್ಪಲ್ಲ. ನೀರಿಂದು ಹೆಂಗರ ಆಗ್ತೈತಿ, ಟ್ಯಾಂಕರ್ ಬರ್ತೈತಲ್ಲ. ಕೂಸಿನ್ನ ಚೆಂದಾಗಿ ನೋಡ್ಕೋರಿ. ಮುಂದಿನ ಸಲ ಗೆಲ್ಲಿಸ್ತೀವಿ ನಿಮ್ಮನ್ನ."

"ಆಯ್ತು," ಎಂದರು ಅತ್ತೆ. "ಮುಂದಿನ ಸಲ."