ತೆಕ್ಲಾಳ ತಾಕು

ಮೊನ್ನೆ ನಮ್ಮ ಇಗರ್ಜಿಯ ಸುವರ್ಣ ಮಹೋತ್ಸವದಲ್ಲಿ, ಈ ಸಸ್ಕಾಚೆವಾನಿನ ಬಯಲಿಗೆ ಮೊದಲು ಬಂದ ಹಿರಿಯರ ಹೆಸರು ಓದಿದರು. ಎಲ್ಲ ಗಂಡಸರ ಹೆಸರೇ. ನಮ್ಮ ಅಪ್ಪ ಸೆಮ್ಕೋನ ಹೆಸರು ಬಂದಾಗ, ಬೀಳುಭೂಮಿಯನ್ನು ಹೊಲ ಮಾಡಿದ ಪುಣ್ಯಾತ್ಮ ಎಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ. ಬೇಸಿಗೆ ಬಂತೆಂದರೆ ಆ ಪುಣ್ಯಾತ್ಮ ರೈಲು ಹಳಿ ಹಾಕುವ ಕೂಲಿಗೆ ಹೋಗುತ್ತಿದ್ದ. ಹೊಲ ಮಾಡಿದವಳು ನನ್ನ ಅವ್ವ ತೆಕ್ಲಾ. ಅವಳ ಹೆಸರನ್ನು ಯಾರೂ ಓದಲಿಲ್ಲ.

ಹಳೆಯ ದೇಶದಲ್ಲಿ, ಗಲೀಷಿಯಾದ ನಮ್ಮ ಹಳ್ಳಿಯಲ್ಲಿ, ಅವ್ವನಿಗೆ ತೊರೆಯ ಪಕ್ಕ ಒಂದು ಸಣ್ಣ ತಾಕು ಇತ್ತು. ತವರಿನಿಂದ ಬಂದದ್ದು, ಅವಳದೇ. ಕೆನಡಾಕ್ಕೆ ಹೋಗೋಣವೆಂದು ಅಪ್ಪ ಹಟ ಹಿಡಿದಾಗ ಹಡಗಿನ ಟಿಕೀಟಿಗೆ ಮಾರಲು ಉಳಿದಿದ್ದದ್ದು ಅದೊಂದೇ. ಅವ್ವ ಒಪ್ಪಲಿಲ್ಲ. ಅಲ್ಲಿ ಇದರ ಹತ್ತರಷ್ಟು ನೆಲ ನಿನಗೇ ಬಿಟ್ಟುಕೊಡುತ್ತೇನೆ ಎಂದು ಅಪ್ಪ ಬೆಣ್ಣೆಯಂಥ ಮಾತಾಡಿದ. ಹಾಗಾದರೆ ಮೊಹೊರಿಚ್ ಕುಡಿ ಎಂದಳು ಅವ್ವ. ನಮ್ಮಲ್ಲಿ ಎತ್ತು ಕೊಂಡರೂ ಹೊಲ ಮಾರಿದರೂ ಇಬ್ಬರು ಕೈಕೈ ಹಿಡಿಯಬೇಕು, ಮೂರನೆಯವನು ಆ ಕೈಗಳನ್ನು ಹೊಡೆದು ಬಿಡಿಸಬೇಕು, ಮೂವರೂ ಒಂದೊಂದು ಗುಟುಕು ಸಾರಾಯಿ ಕುಡಿಯಬೇಕು. ಅದೇ ಮೊಹೊರಿಚ್. ಕುಡಿದ ಮೇಲೆ ಮಾತು ತಪ್ಪಿದವನಿಗೆ ಊರಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಅಂದು ಕೈ ಬಿಡಿಸಿದವನು ಒನುಫ್ರಿ, ನನ್ನ ನಾಮಕರಣದಲ್ಲಿ ನನ್ನನ್ನು ಎತ್ತಿಕೊಂಡವನು. ಆ ನಂಟಿನಿಂದ ಅವನೂ ಅವ್ವನೂ ಒಬ್ಬರಿಗೊಬ್ಬರು ಕೂಮ್. ಅವನೂ ನಮ್ಮ ಜೊತೆಗೇ ಹಡಗು ಹತ್ತಿದ.

ಇಲ್ಲಿ ಸರ್ಕಾರ ನೂರ ಅರವತ್ತು ಎಕರೆಯನ್ನು ಅಪ್ಪನ ಹೆಸರಿಗೆ ಬರೆಯಿತು. ಗಂಡನಿದ್ದ ಹೆಂಗಸಿಗೆ ನೆಲ ಕೊಡುವ ಪದ್ಧತಿ ಅದಕ್ಕಿರಲಿಲ್ಲ. ಅವ್ವ ತಲೆ ಕೆಡಿಸಿಕೊಳ್ಳಲಿಲ್ಲ. ಮೂಡಣ ಅಂಚಿನಲ್ಲಿ, ನೀರಿನ ಕುಂಟೆಯಿಂದ ದಾರಿಯವರೆಗೆ ಒಂದು ತಾಕನ್ನು ತನ್ನದೆಂದು ಗುರುತಿಸಿಕೊಂಡು ಗುದ್ದಲಿ ಹಿಡಿದಳು. ಕೂಸಾಗಿದ್ದ ನನ್ನ ತಮ್ಮ ದನಿಲೋನನ್ನು ಬೆನ್ನಿಗೆ ಕಟ್ಟಿಕೊಂಡು ಅಗೆದಳು. ಆ ಹುಲ್ಲಿನ ಬೇರು ಚಾಪೆಯ ಹಾಗೆ ಹೆಣೆದುಕೊಂಡಿರುತ್ತದೆ. ಕಡಿಯಬೇಕು, ಮಗುಚಬೇಕು, ಮತ್ತೆ ಕಡಿಯಬೇಕು. ನಾನು ಸೊಳ್ಳೆ ಓಡಿಸಲು ಹಸಿ ಸಗಣಿಯ ಹೊಗೆ ಹಾಕುತ್ತಿದ್ದೆ. ಅಲ್ಲಿ ಗಸಗಸೆ ಬೆಳೆಯಿತು, ಸೆಣಬು ಬೆಳೆಯಿತು, ಕೊನೆಗೆ ಗೋಧಿಯೂ ಬೆಳೆಯಿತು. ಊರಿಗೆಲ್ಲ ಅದು ತೆಕ್ಲಾಳ ತಾಕು. ಮುಂದೆ ನಿನಗೇ ಎಂದು ಅವ್ವ ನನಗೆ ಹೇಳುತ್ತಿದ್ದಳು.

ನನ್ನ ಮದುವೆಯಲ್ಲಿ ಒಂದು ಹಸು, ಎರಡು ದಿಂಬು ಕೊಟ್ಟು ಕಳಿಸಿದರು. ತಾಕಿನ ಮಾತೆತ್ತಿದ್ದಕ್ಕೆ, ಅದೇನು ಓಡಿಹೋಗುತ್ತದೆಯೇ ಎಂದು ಅಪ್ಪ ನಕ್ಕ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವನು ಸಮುದ್ರವನ್ನೇ ದಾಟಿದ್ದ. ಮುದುಕನಾದಾಗ ಪೇಟೆಯ ವಕೀಲನನ್ನು ಕರೆಸಿ ಎಲ್ಲವನ್ನೂ ದನಿಲೋನಿಗೆ ಬರೆದ. ಅವ್ವನಿಗೆ ಒಲೆಯ ಪಕ್ಕದ ಕೋಣೆ, ಸಾಯುವ ತನಕ ಊಟ.

ಇದು ಅವಳಿಗೆ ತಿಳಿದದ್ದು ಅಪ್ಪ ಸತ್ತ ಮರುವರ್ಷ, ದನಿಲೋನ ಟ್ರಾಕ್ಟರು ಮೊಳಕೆಯೊಡೆದ ಗಸಗಸೆಯ ಮೇಲೆ ಹಾದುಹೋದಾಗ. ಒಂದೇ ಸಾಲು ಉದ್ದಕ್ಕೆ ಹೊಡೆದರೆ ಡೀಸೆಲ್ ಉಳಿಯುತ್ತದೆ ಎಂದನಂತೆ. ಅವ್ವ ಜಗಳವಾಡಲಿಲ್ಲ. ನನ್ನನ್ನು ಕರೆಸಿಕೊಂಡು ಒನುಫ್ರಿಯ ಮನೆಗೆ ನಡೆದಳು.

"ಕೂಮ್, ಕೈ ಬಿಡಿಸ್ದೋನು ನೀನು. ಬಂದು ದನಿಲೋನ ಮುಂದೆ ಒಂದು ಮಾತು ಹೇಳು" ಎಂದಳು.

ಒನುಫ್ರಿ ಗಡ್ಡ ಕೆರೆದುಕೊಂಡ. "ಅದು ಆ ದೇಶದ ಮಾತು ಕಣಮ್ಮಾ. ಇಲ್ಲಿ ಕೈಗೆ ಯಾರು ಬೆಲೆ ಕೊಡ್ತಾರೆ? ಈ ಸಲ ಒಕ್ಕಣೆಗೆ ದನಿಲೋನ ಮಷೀನೇ ಬರ್ಬೇಕು ನನಗೆ."

"ಕುಡಿದಿದ್ದಾದ್ರೂ ನೆನಪಿದೆಯಲ್ಲ, ಅಷ್ಟೇ ಸಾಕು" ಎಂದು ಎದ್ದಳು.

ಆ ವಾರವೇ ಪೇಟೆಯಲ್ಲಿದ್ದ ನನ್ನ ಮನೆಗೆ ಬಂದಳು. ಮತ್ತೆ ಹೊಲದ ಕಡೆ ತಲೆ ಹಾಕಲಿಲ್ಲ. ಹಿತ್ತಲಲ್ಲಿ ಬಾತು ಸಾಕಿದಳು, ಪುಕ್ಕದ ದಿಂಬು ಹೊಲಿದು ಇಂಗ್ಲಿಷ್ ಹೆಂಗಸರಿಗೆ ಮಾರಿದಳು. ನನಗೆ ಅಪ್ಪನ ಮೇಲೆ, ತಮ್ಮನ ಮೇಲೆ ಇದ್ದಷ್ಟೇ ಸಿಟ್ಟು ಅವಳ ಮೇಲೂ ಇತ್ತು. ಸಾರಾಯಿ ಕುಡಿಸುವ ಬದಲು ಒಂದು ಕಾಗದ ಬರೆಸಿಕೊಳ್ಳಬಾರದಿತ್ತೇ ಎಂದು ಒಮ್ಮೆ ಕೇಳಿಯೂ ಬಿಟ್ಟೆ.

"ನಮ್ಮೂರಲ್ಲಿ ಕಾಗದ ಇದ್ದಿದ್ದು ಜಮೀನ್ದಾರನ ಹತ್ರ ಮಾತ್ರ" ಎಂದಳು. "ಕಾಗದ ಇದ್ದೋನೇ ಕಳ್ಳ ಅಂತ ಕಲ್ತಿದ್ವಿ ನಾವು."

ಎಂಬತ್ತು ದಾಟಿದ ಮೇಲೆ ಒಂದು ದಿನ ದಿಂಬು ಮಾರಿದ ದುಡ್ಡನ್ನು ಸೆರಗಿನಂತೆ ಹೊದ್ದ ಶಾಲಿನ ತುದಿಗೆ ಕಟ್ಟಿಕೊಂಡು, ಪುರಸಭೆಗೆ ಕರೆದುಕೊಂಡು ಹೋಗು ಎಂದಳು. ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಅಪ್ಪನ ಪಕ್ಕ ಅವಳಿಗೆ ಜಾಗ ಪುಕ್ಕಟೆ ಇತ್ತು. ಅವಳಿಗೆ ಅದು ಬೇಡ. ಇಂಗ್ಲಿಷರನ್ನು ಹೂಳುವ ಪೇಟೆಯ ಸ್ಮಶಾನದಲ್ಲಿ ಒಂದು ಗುಂಡಿಯಷ್ಟು ನೆಲ ಬೇಕು. ಗುಮಾಸ್ತ ಗಂಡನ ಹೆಸರು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅವಳು ತನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತಿನಲ್ಲೇ, ತೆಕ್ಲಾ ಎಂದು ಬರಿ, ಬೇರೆ ಹೆಸರು ಬೇಡ ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಮಗ ಕಿತ್ಕೊಳ್ಳೋಕಾಗುತ್ತಾ, ಕೇಳು" ಎಂದಳು. ಕೇಳಿದೆ. ಆಗುವುದಿಲ್ಲ ಎಂದ ಗುಮಾಸ್ತ. ಅವಳು ನಕ್ಕದ್ದನ್ನು ಎಷ್ಟೋ ವರ್ಷದ ಮೇಲೆ ಕಂಡೆ, ನನಗೆ ಅಳು ಬಂತು. ಭಾನುವಾರ ಪೂಜೆ ಮುಗಿದ ಮೇಲೆ ತಾನು ಕೊಂಡ ಆ ಜಾಗಕ್ಕೆ ಹೋಗಿ ಕಳೆ ಕಿತ್ತು ಬರುತ್ತಿದ್ದಳು.

ಅಲ್ಲೇ ಹೂಳಿದೆವು. ಸುತ್ತ ಅವಳಿಗೆ ಗುರುತಿನ ಒಂದು ಹೆಸರೂ ಇಲ್ಲ. ಪಾದ್ರಿ ಮುಖ ಗಂಟಿಕ್ಕಿಕೊಂಡೇ ಬಂದು ಮಂತ್ರ ಮುಗಿಸಿದರು. ದನಿಲೋ ಟೋಪಿ ಕೈಯಲ್ಲಿ ಹಿಡಿದು ನನ್ನ ಪಕ್ಕ ಬಂದು ನಿಂತ.

"ಜನ ಏನಂದ್ಕೋತಾರೆ ಅಕ್ಕಾ" ಎಂದ. "ಅಪ್ಪನ ಪಕ್ಕದ ಜಾಗ ಹಂಗೇ ಖಾಲಿ ಬಿತ್ತಲ್ಲ."

"ಟ್ರಾಕ್ಟರ್ ಇದೆಯಲ್ಲ ನಿನ್ ಹತ್ರ" ಎಂದೆ. "ಅದನ್ನೂ ಉತ್ಬಿಡು."